ಬಲಗಡೆ ಹಳಿ, ಎಡಗಡೆ ಹುಲ್ಲು: ಗಾಲ್ಫ್ ಮೈದಾನದಿಂದ ರೈಲು ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ರೈಲು ನೋಡುವ ಹುಚ್ಚಿರುವವರಿಗೆ ದೊಡ್ಡ ಸಮಸ್ಯೆ ರೈಲಲ್ಲ, ನಿಲ್ಲುವ ಜಾಗ. ಪ್ಲಾಟ್‌ಫಾರ್ಮಿನಲ್ಲಿ ಜನ ಜಾಸ್ತಿ. ಅಲ್ಲಿ ರೈಲು ನಿಂತಿರುತ್ತದೆ, ಇಲ್ಲವೇ ನಿಲ್ಲಲು ಹೊರಟಿರುತ್ತದೆ. ಸೇತುವೆ ಮೇಲೆ ಜಾಲರಿ ಅಡ್ಡ. ರಸ್ತೆ ಬದಿಯಲ್ಲಿ ಕ್ಯಾಮೆರಾ ಹಿಡಿದು ಅರ್ಧ ಗಂಟೆ ನಿಂತರೆ ಯಾರಾದರೂ ಬಂದು ವಿಚಾರಿಸುತ್ತಾರೆ.

ಗಾಲ್ಫ್ ಮೈದಾನದಲ್ಲಿ ಈ ಕಷ್ಟಗಳಿಲ್ಲ. ಹುಲ್ಲು ಕತ್ತರಿಸಿರುತ್ತದೆ. ಹಳಿಯ ಉದ್ದಕ್ಕೂ ಮುನ್ನೂರು, ನಾನೂರು ಮೀಟರ್ ತೆರೆದ ಜಾಗ ಇರುತ್ತದೆ. ರೈಲು ಅಲ್ಲಿ ಪೂರ್ಣ ವೇಗದಲ್ಲಿ ಹೋಗುತ್ತದೆ. ನೀವು ಅಲ್ಲಿ ನಿಂತಿರುವುದಕ್ಕೆ ಒಂದು ಕಾರಣವೂ ಇರುತ್ತದೆ.

ಈ ಮಾರ್ಗದರ್ಶಿ ಪೂರ್ತಿ ಒಂದು ಲೆಕ್ಕಾಚಾರದ ಮೇಲೆ ನಿಂತಿದೆ. 18 ಹೋಲ್ ಆಡಲು ಸುಮಾರು ನಾಲ್ಕು ಗಂಟೆ ಬೇಕು (ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಗುಳಿಯವರೆಗಿನ ಒಂದೊಂದು ಪಟ್ಟಿಗೂ ಹೋಲ್ ಎನ್ನುತ್ತಾರೆ). ಅದರಲ್ಲಿ ನೀವು ನಿಜವಾಗಿ ಚೆಂಡು ಹೊಡೆಯುವುದು ಕೆಲವೇ ನಿಮಿಷ. ಉಳಿದದ್ದು ನಡೆಯುವುದು ಮತ್ತು ಕಾಯುವುದು. ರೈಲಿಗಾಗಿ ಆಟ ನಿಲ್ಲಿಸಬೇಡಿ. ಆಟದಲ್ಲಿ ಹೇಗೂ ಕಾಯುತ್ತೀರಲ್ಲ, ಆ ಹೊತ್ತನ್ನು ರೈಲಿಗೆ ಕೊಡಿ.

ಹಳಿ ಪಕ್ಕದಲ್ಲೇ ಏಕೆ ಇಷ್ಟು ಮೈದಾನಗಳು?

ಇದು ಗೊತ್ತಿದ್ದರೆ ಮೈದಾನ ಹುಡುಕುವುದು ಸುಲಭ. ಸ್ಕಾಟ್ಲೆಂಡ್, ಇಂಗ್ಲೆಂಡ್ ಕರಾವಳಿಯಲ್ಲಿ ಸಮುದ್ರಕ್ಕೂ ಹೊಲಗಳಿಗೂ ನಡುವೆ ಮರಳು ನೆಲದ ಒಂದು ಪಟ್ಟಿ ಇರುತ್ತದೆ. ಬೇಸಾಯಕ್ಕೆ ಅದು ಬಾರದು. ಅಲ್ಲಿ ಗಾಲ್ಫ್ ಬೆಳೆಯಿತು. ಅದೇ ನೆಲ ಸಪಾಟಾಗಿದ್ದರಿಂದ ಹಳಿ ಹಾಕುವವರಿಗೂ ಇಷ್ಟವಾಯಿತು. ಕಾರು ಬರುವ ಮೊದಲು ಕ್ಲಬ್ಬಿನ ಸದಸ್ಯರು ಬರುತ್ತಿದ್ದದ್ದೂ ರೈಲಿನಲ್ಲೇ. ಹಾಗಾಗಿ ಸ್ಟೇಷನ್ನಿನ ಹತ್ತಿರವೇ ಹೊಸ ಮೈದಾನಗಳೂ ಹುಟ್ಟಿದವು.

ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಒಳ್ಳೆಯ ಉದಾಹರಣೆ. ಗ್ಲಾಸ್ಗೊದಿಂದ ಏರ್‌ಗೆ ಹೋಗುವ ಹಳಿ 1840ರಲ್ಲಿ ತೆರೆಯಿತು. ಕ್ಲಬ್ ಶುರುವಾದದ್ದು 1851ರಲ್ಲಿ. ಬ್ರಿಟನ್ನಿನ ದೊಡ್ಡ ಗಾಲ್ಫ್ ಟೂರ್ನಿಯಾದ ಓಪನ್ ಚಾಂಪಿಯನ್‌ಶಿಪ್ ಮೊದಲ ಸಲ ಅಲ್ಲೇ 1860ರಲ್ಲಿ ನಡೆಯಿತು. ಮೊದಲನೇ ಹೋಲ್‌ಗೆ 'ರೈಲ್ವೆ' ಅಂತಲೇ ಹೆಸರು. ಬಲಗಡೆ ಕಲ್ಲಿನ ಗೋಡೆ, ಗೋಡೆಯಾಚೆ ಹಳಿ, ಪಕ್ಕದಲ್ಲೇ ಸ್ಟೇಷನ್. ರೈಲು ಕಂಪನಿಗಳೂ ಸುಮ್ನೆ ಕೂರಲಿಲ್ಲ. ಟರ್ನ್‌ಬೆರಿಯ ಹೋಟೆಲ್ಲನ್ನು 1906ರಲ್ಲಿ ತೆರೆದದ್ದು ಗ್ಲಾಸ್ಗೊ ಅಂಡ್ ಸೌತ್ ವೆಸ್ಟರ್ನ್ ರೈಲ್ವೆ. ಟಿಕೆಟ್ ಮಾರಲು ಗಾಲ್ಫ್ ಒಳ್ಳೆಯ ನೆಪವಾಗಿತ್ತು.

ಹಂತ 1: ಮೈದಾನ ಹುಡುಕಿ

ಮೈದಾನದಿಂದ ಹುಡುಕಲು ಶುರು ಮಾಡಬೇಡಿ, ಹಳಿಯಿಂದ ಶುರು ಮಾಡಿ. ನಿಮಗೆ ಇಷ್ಟವಾದ ರೈಲು ಮಾರ್ಗವನ್ನು ಉಪಗ್ರಹ ನಕ್ಷೆಯಲ್ಲಿ ತೆರೆದು ಹಳಿಯ ಜೊತೆಗೇ ಸಾಗಿ. ಗಾಲ್ಫ್ ಮೈದಾನ ಮೇಲಿನಿಂದ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ತಿಳಿ ಹಸಿರಿನ ಉದ್ದ ಪಟ್ಟಿಗಳು, ಅಲ್ಲಲ್ಲಿ ಬಿಳಿ ಮರಳಿನ ಗುಂಡಿಗಳು. ಜೊತೆಗೆ ಓಪನ್‌ರೈಲ್ವೇಮ್ಯಾಪ್ ಎಂಬ ಆನ್‌ಲೈನ್ ರೈಲು ನಕ್ಷೆ ನೋಡಿ. ಮಾರ್ಗ ವಿದ್ಯುತ್ತಿನದೋ ಅಲ್ಲವೋ ಎಂಬುದನ್ನು ಅದು ತೋರಿಸುತ್ತದೆ. ಅನೇಕ ಕಡೆ ವೇಗದ ಮಿತಿ, ಸಿಗ್ನಲ್‌ಗಳೂ ಸಿಗುತ್ತವೆ.

ಉಪಗ್ರಹ ನಕ್ಷೆ ಮುಚ್ಚಿಡುವುದು ಎತ್ತರವನ್ನು. ಹಳಿ ತಗ್ಗಿನಲ್ಲಿ ಹೋದರೆ ನಿಮಗೆ ಸಿಗುವುದು ಸದ್ದು ಮಾತ್ರ. ಏರಿಯ ಮೇಲೆ ಹೋದರೆ ಇಡೀ ರೈಲು ಆಕಾಶದ ಎದುರು ಕಾಣುತ್ತದೆ. ನನಗೆ ಅದೇ ಇಷ್ಟ. ಆದರೆ ಚಕ್ರ, ಬೋಗಿಯ ಕೆಳಭಾಗ ನೋಡಬೇಕೆನ್ನುವವರಿಗೆ ಸಮತಟ್ಟೇ ಸರಿ. ನೆರಳು ಯಾವ ಕಡೆ ಬಿದ್ದಿದೆ ನೋಡಿದರೆ ಎತ್ತರ ಸ್ವಲ್ಪ ಅಂದಾಜಾಗುತ್ತದೆ. ಇನ್ನೂ ಒಳ್ಳೆಯ ಉಪಾಯವಿದೆ. ಆ ರೈಲಿನಲ್ಲೇ ಒಮ್ಮೆ ಪ್ರಯಾಣ ಮಾಡಿ. ಕಿಟಕಿಯಿಂದ ನಿಮಗೆ ಯಾವ ಹೋಲ್ ಚೆನ್ನಾಗಿ ಕಂಡಿತೋ, ಆ ಹೋಲ್‌ನಿಂದ ರೈಲೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಲಿವರ್‌ಪೂಲ್‌ನಿಂದ ಸೌತ್‌ಪೋರ್ಟ್‌ಗೆ ಹೋಗುವ ಮಾರ್ಗ ಇದಕ್ಕೆ ಹೇಳಿ ಮಾಡಿಸಿದ್ದು. ವೆಸ್ಟ್ ಲ್ಯಾಂಕಶೈರ್, ಫಾರ್ಮ್‌ಬಿ, ಸೌತ್‌ಪೋರ್ಟ್ ಅಂಡ್ ಏನ್ಸ್‌ಡೇಲ್, ಹಿಲ್‌ಸೈಡ್ ಎಲ್ಲ ಒಂದೇ ಹಳಿಯ ಆಸುಪಾಸಿನಲ್ಲಿವೆ.

ಹಳಿ ಜೀವಂತವಾಗಿದೆಯೇ ಎಂದೂ ನೋಡಿಕೊಳ್ಳಿ. ಜಗತ್ತಿನ ಅತಿ ಹೆಸರಾದ ಮೈದಾನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್. ಅದರ 16ನೇ ಹೋಲ್ ಪಕ್ಕದಲ್ಲೂ ಒಂದು ಕಾಲಕ್ಕೆ ರೈಲು ಓಡುತ್ತಿತ್ತು. 1969ರಲ್ಲಿ ಆ ಮಾರ್ಗ ಮುಚ್ಚಿತು. 17ನೇ ಹೋಲ್‌ನಲ್ಲಿ ಈಗ ಕಾಣುವ ರೈಲ್ವೆ ಶೆಡ್ಡುಗಳು ಹಳೆಯದರ ಪ್ರತಿರೂಪಗಳಷ್ಟೇ. ಹೆಸರು ನೋಡಿ ಹೋದರೆ ರೈಲು ಸಿಗುವುದಿಲ್ಲ.

ಹಂತ 2: ಒಳಗೆ ಹೋಗುವ ದಾರಿ

ಸದಸ್ಯರಿಗೆ ಮಾತ್ರ ಎನ್ನುವ ಕ್ಲಬ್‌ಗಳಿವೆ, ದುಡ್ಡು ಕೊಟ್ಟರೆ ಯಾರನ್ನೂ ಬಿಡುವ ಮೈದಾನಗಳಿವೆ. ಮೊದಲು ಫೋನ್ ಮಾಡಿ ಕೇಳಿ. ರೈಲು ನೋಡಬೇಕು ಎಂದು ನೇರವಾಗಿ ಹೇಳಿ. ಹಳಿ ಪಕ್ಕದ ಕ್ಲಬ್‌ನವರಿಗೆ ಅದು ಹೊಸದಲ್ಲ. ಸಂಜೆಯ ಟೀ ಟೈಮ್ (ಆಟ ಶುರು ಮಾಡಲು ಕೊಡುವ ಸಮಯ) ಕೇಳುವುದು ಜಾಣತನ. ಆಗ ಜನ ಕಡಿಮೆ, ದರವೂ ಸಾಮಾನ್ಯವಾಗಿ ಕಡಿಮೆ.

ಗಾಲ್ಫ್ ಆಡಲು ಬರದಿದ್ದರೆ? ಕ್ಲಬ್‌ಹೌಸ್ ಜಗಲಿ, ಡ್ರೈವಿಂಗ್ ರೇಂಜ್ (ಹೊಡೆತ ಅಭ್ಯಾಸ ಮಾಡುವ ಜಾಗ), ಮೈದಾನ ದಾಟುವ ಸಾರ್ವಜನಿಕ ಕಾಲುದಾರಿ, ಈ ಮೂರನ್ನು ವಿಚಾರಿಸಿ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಗಾಲ್ಫ್ ಮೈದಾನವನ್ನು ಯಾರು ಬೇಕಾದರೂ ನಡೆದು ದಾಟಬಹುದು. ದಾಟಬಹುದು ಅಷ್ಟೇ. ಗ್ರೀನ್ (ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲು) ತುಳಿಯುವಂತಿಲ್ಲ, ಆಟಕ್ಕೆ ಅಡ್ಡಿ ಮಾಡುವಂತಿಲ್ಲ, ಅಲ್ಲೇ ಬಿಡಾರ ಹೂಡುವಂತಿಲ್ಲ.

ದೊಡ್ಡ ಟೂರ್ನಿ ನಡೆಯುವಾಗ ಪ್ರೇಕ್ಷಕರಾಗಿ ಹೋಗುವುದು ಇನ್ನೊಂದು ದಾರಿ. ನ್ಯೂಯಾರ್ಕಿನ ಶಿನೆಕಾಕ್ ಹಿಲ್ಸ್‌ನಲ್ಲಿ 2004 ಮತ್ತು 2018ರ ಯುಎಸ್ ಓಪನ್‌ಗೆ ಲಾಂಗ್ ಐಲ್ಯಾಂಡ್ ರೈಲ್ ರೋಡ್ ಮೈದಾನದ ಹತ್ತಿರ ತಾತ್ಕಾಲಿಕ ಸ್ಟೇಷನ್ನೇ ಕಟ್ಟಿತ್ತು. ರೈಲಿನಲ್ಲಿ ಬಂದು ರೈಲು ನೋಡುವ ಭಾಗ್ಯ!

ಹಂತ 3: ರೈಲಿಗೆ ಹೊಂದುವ ಟೀ ಟೈಮ್

ಇಲ್ಲಿ ರೈಲಿನ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಒಂದು ಹೋಲ್‌ಗೆ ಸುಮಾರು 13ರಿಂದ 15 ನಿಮಿಷ ಹಿಡಿಯಿರಿ. ಸ್ಕಾಟ್ಲೆಂಡಿನ ರಾಯಲ್ ಟ್ರೂನ್‌ನಲ್ಲಿ ಹಳಿ ಪಕ್ಕಕ್ಕೆ ಬರುವುದು 11ನೇ ಹೋಲ್‌ನಲ್ಲಿ. ಅಲ್ಲಿಗೆ ತಲುಪುವ ಮೊದಲು ಹತ್ತು ಹೋಲ್ ಮುಗಿಯಬೇಕು, ಅಂದರೆ ಎರಡೂವರೆ ಗಂಟೆ. ಮಧ್ಯಾಹ್ನ 2ಕ್ಕೆ ರೈಲು ಬೇಕೆಂದರೆ 11.30ಕ್ಕೆ ಆಟ ಶುರುವಾಗಬೇಕು. ಗಂಟೆಗೆ ಎರಡು ಮೂರು ರೈಲು ಓಡುವ ಮಾರ್ಗದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ದಿನಕ್ಕೆ ಒಂದೇ ವಿಶೇಷ ರೈಲು ಇದ್ದರೆ ಮಾತ್ರ ಈ ಲೆಕ್ಕ.

ಗೂಡ್ಸ್ ರೈಲಿನ ಕಥೆ ಬೇರೆ. ಬ್ರಿಟನ್‌ನಲ್ಲಿ ರಿಯಲ್‌ಟೈಮ್ ಟ್ರೇನ್ಸ್ ಎಂಬ ತಾಣದಲ್ಲಿ ಗೂಡ್ಸ್ ರೈಲುಗಳ ಸಮಯವೂ ಸಿಗುತ್ತದೆ. ಅಮೆರಿಕದಲ್ಲಿ ಗೂಡ್ಸ್ ರೈಲಿಗೆ ಜನರಿಗೆ ಸಿಗುವಂಥ ವೇಳಾಪಟ್ಟಿ ಇಲ್ಲ. ಅಲ್ಲಿ ಹವ್ಯಾಸಿಗಳು ಸ್ಕ್ಯಾನರ್ ರೇಡಿಯೊ ಇಟ್ಟುಕೊಂಡು 160-161 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಚಾಲಕರ ಮಾತು ಕೇಳುತ್ತಾರೆ. ಬ್ರಿಟನ್‌ನಲ್ಲಿ ಹಾಗೆ ಕೇಳುವುದು ಕಾನೂನುಬಾಹಿರ. ನೀವಿರುವ ದೇಶದ ನಿಯಮ ನೋಡಿಕೊಂಡೇ ಸ್ಕ್ಯಾನರ್ ಹೊರತೆಗೆಯಿರಿ.

ಒಂಬತ್ತೇ ಹೋಲ್ ಆಡಲು ಬಿಡುವ ಮೈದಾನವಾದರೆ ಹಳಿ ಯಾವ ಒಂಬತ್ತರಲ್ಲಿದೆ ಎಂದು ಕೇಳಿ, ಅದನ್ನೇ ಆರಿಸಿ. ಇಂಗ್ಲೆಂಡಿನ ರಾಯಲ್ ಲಿಥಮ್ ಅಂಡ್ ಸೇಂಟ್ ಆ್ಯನ್ಸ್‌ನಲ್ಲಿ ಹಳಿ ಇರುವುದು ಮೊದಲ ಒಂಬತ್ತರ ಬಲಗಡೆ. ಕೊನೆಯ ಒಂಬತ್ತನ್ನು ಆಡಿ ಬಂದರೆ ಗಾಲ್ಫ್ ಆಡಿದಂತಾಯಿತು, ಅಷ್ಟೇ.

ಹಂತ 4: ಚೀಲದಲ್ಲಿ ಏನಿರಬೇಕು

ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಬೈನಾಕ್ಯುಲರ್. ಸೆಕೆಂಡು ಅಳೆಯುವ ಗಡಿಯಾರ. ಒಂದು ಪುಟ್ಟ ನೋಟ್‌ಬುಕ್. ಪೆನ್ಸಿಲ್ ಸ್ಕೋರ್‌ಕಾರ್ಡ್ ಜೊತೆ ಅವರೇ ಕೊಡುತ್ತಾರೆ. ಉದ್ದ ಲೆನ್ಸ್ ಬೇಡ. ಗಾಲ್ಫ್ ಕೋಲುಗಳ ಭಾರವೇ ಸಾಕು. ಫೋನ್ ಸದ್ದು ಆರಿಸಿ.

ಹಂತ 5: ಎಲ್ಲಿ ನಿಲ್ಲಬೇಕು

ಬಹಳ ಜನ ಗ್ರೀನ್ ಪಕ್ಕ ನಿಂತು ರೈಲು ಕಾಯುತ್ತಾರೆ. ನನ್ನ ಪ್ರಕಾರ ಟೀ, ಅಂದರೆ ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗವೇ ಉತ್ತಮ. ಟೀ ಸಾಮಾನ್ಯವಾಗಿ ಸ್ವಲ್ಪ ಎತ್ತರದಲ್ಲಿರುತ್ತದೆ. ಮುಂದಿನ ಗುಂಪು ದೂರ ಹೋಗುವವರೆಗೆ ಅಲ್ಲಿ ಕಾಯಲೇಬೇಕು. ಅದರಲ್ಲೂ ಪಾರ್ 3 ಹೋಲ್ (ಮೂರು ಹೊಡೆತದಲ್ಲಿ ಮುಗಿಸಬೇಕಾದ ಗಿಡ್ಡ ಹೋಲ್) ಸಿಕ್ಕರೆ ಬಿಡಬೇಡಿ. ಮುಂದಿನವರು ಗ್ರೀನ್ ಖಾಲಿ ಮಾಡುವ ತನಕ ಯಾರೂ ಹೊಡೆಯುವಂತಿಲ್ಲವಲ್ಲ, ಗುಂಪುಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಬೇರೆ ಆಟಗಾರರು ಗೊಣಗುವ ಹೊತ್ತು ನಿಮಗೆ ಲಾಭ.

ಹಳಿ ಬಲಗಡೆ ಇರುವ ಹೋಲ್‌ನ ಟೀಯಲ್ಲಿ ಕಾಯುವ ಹೊತ್ತು ಇನ್ನೂ ಜಾಸ್ತಿ. ಬಲಗೈ ಆಟಗಾರರ ತಪ್ಪು ಹೊಡೆತ ಹೆಚ್ಚಾಗಿ ಬಲಕ್ಕೇ ತಿರುಗುತ್ತದೆ. ಪ್ರೆಸ್ಟ್‌ವಿಕ್‌ನ ಮೊದಲನೇ ಹೋಲ್, ಟ್ರೂನ್‌ನ 11, ಲಿಥಮ್‌ನ 2 ಮತ್ತು 3 ಎಲ್ಲದರಲ್ಲೂ ಹಳಿ ಬಲಗಡೆಯೇ. ಚೆಂಡು ಗೋಡೆ ದಾಟಿತೆಂಬ ಅನುಮಾನ ಬಂದರೆ ಆಟಗಾರ ಇನ್ನೊಂದು ಚೆಂಡನ್ನು ಮುನ್ನೆಚ್ಚರಿಕೆಗೆ ಹೊಡೆದಿಡುತ್ತಾನೆ. ಅದಕ್ಕೂ ಸಮಯ ಹಿಡಿಯುತ್ತದೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1962ರ ಓಪನ್‌ನಲ್ಲಿ ಜ್ಯಾಕ್ ನಿಕ್ಲಾಸ್ ಟ್ರೂನ್‌ನ ಆ 11ನೇ ಹೋಲ್‌ಗೆ 10 ಹೊಡೆತ ತೆಗೆದುಕೊಂಡಿದ್ದರು.

ನೀವು ನಿಲ್ಲುವುದು ಮಾತ್ರ ಹೊಡೆಯುವವರ ಹಿಂದೆ, ಅವರ ಕಣ್ಣಿಗೆ ಬೀಳದ ಹಾಗೆ. ಹಳಿ ಕಡೆಯ ಮೂಲೆಯಲ್ಲಿ ಮುಂದಕ್ಕೆ ಹೋಗಿ ನಿಲ್ಲಬೇಡಿ. 45 ಗ್ರಾಮಿನ ಗಟ್ಟಿ ಚೆಂಡು ಅದು. ಒಳ್ಳೆಯ ಆಟಗಾರ ಹೊಡೆದರೆ ಗಂಟೆಗೆ 250 ಕಿ.ಮೀ. ದಾಟುತ್ತದೆ. ರೈಲು ನೋಡುತ್ತಾ ಬೆನ್ನು ತಿರುಗಿಸಿದವರಿಗೆ ಅದು ಕಾಣುವುದಿಲ್ಲ. 'ಫೋರ್' ಎಂಬ ಎಚ್ಚರಿಕೆಯ ಕೂಗು ಕೇಳಿದರೆ ರೈಲನ್ನು ಮರೆತು ತಲೆ ತಗ್ಗಿಸಿ.

ಹಂತ 6: ರೈಲು ಬರುವ ಸುಳಿವು

ಗೂಡ್ಸ್ ಎಂಜಿನ್ ಏರು ಹತ್ತುವಾಗ ತುಂಬಾ ದೂರದಿಂದಲೇ ಕೇಳುತ್ತದೆ. ವಿದ್ಯುತ್ ರೈಲು ಹಾಗಲ್ಲ, ಮೈಮೇಲೆ ಬಂದ ಮೇಲೇ ಗೊತ್ತಾಗುವುದು. ಅದಕ್ಕೆ ಕಣ್ಣು ಮತ್ತು ಕಿವಿ ಎರಡೂ ಬೇಕು.

ಹತ್ತಿರ ಲೆವೆಲ್ ಕ್ರಾಸಿಂಗ್ ಇದ್ದರೆ ಗೇಟಿನ ಗಂಟೆಯೇ ದೊಡ್ಡ ಸುಳಿವು. ಅಮೆರಿಕದಲ್ಲಿ ಕ್ರಾಸಿಂಗ್ ಬರುವ 15ರಿಂದ 20 ಸೆಕೆಂಡು ಮೊದಲು ಚಾಲಕ ಹಾರ್ನ್ ಶುರು ಮಾಡಬೇಕು. ಎರಡು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ. ಅದು ಕೇಳಿದ ಕೂಡಲೇ ಗಡಿಯಾರ ನೋಡಿ.

ಸಿಗ್ನಲ್ ಓದುವುದನ್ನು ಕಲಿಯಿರಿ. ಬಹಳ ಹೊತ್ತು ಕೆಂಪಿದ್ದ ಸಿಗ್ನಲ್ ಹಸಿರಿಗೆ ತಿರುಗಿದರೆ ಯಾರೋ ದಾರಿ ಮಾಡಿಕೊಟ್ಟಿದ್ದಾರೆ, ರೈಲು ಬರುತ್ತಿದೆ. ಆದರೆ ಸ್ವಯಂಚಾಲಿತ ಸಿಗ್ನಲ್‌ಗಳು ಮುಂದೆ ದಾರಿ ಖಾಲಿ ಇದ್ದಷ್ಟು ಹೊತ್ತೂ ಹಸಿರೇ ತೋರಿಸುತ್ತವೆ. ಅಂಥ ಕಡೆ ಹಸಿರಿಗೆ ಅರ್ಥವಿಲ್ಲ. ಮೊದಲ ರೈಲು ಬಂದಾಗಲೇ ಯಾವ ಸಿಗ್ನಲ್ ಯಾವ ಜಾತಿ ಎಂದು ಗಮನಿಸಿಕೊಳ್ಳಿ.

ಗಾಳಿಯನ್ನೂ ಗಮನಿಸಿ. ಗಾಲ್ಫ್ ಆಡುವವರು ಚಿಟಿಕೆ ಹುಲ್ಲು ಮೇಲಕ್ಕೆ ಹಾರಿಸಿ ಗಾಳಿ ನೋಡುತ್ತಾರಲ್ಲ, ಅದೇ ಹುಲ್ಲು ನಿಮಗೂ ಸುದ್ದಿ ಹೇಳುತ್ತದೆ. ರೈಲು ಬರುವ ದಿಕ್ಕಿನಿಂದಲೇ ಗಾಳಿ ಬೀಸುತ್ತಿದ್ದರೆ ಸದ್ದು ಬೇಗ ಸಿಗುತ್ತದೆ. ಎದುರು ದಿಕ್ಕಾದರೆ ಕಿವಿಯನ್ನು ನಂಬಬೇಡಿ.

ಹಂತ 7: ಸ್ಕೋರ್‌ಕಾರ್ಡಿನಿಂದ ರೈಲಿನ ವೇಗ ಅಳೆಯುವುದು

ಇದು ಗಾಲ್ಫ್ ಮೈದಾನದಲ್ಲಿ ಮಾತ್ರ ಸಿಗುವ ಮಜಾ. ಬೇರೆ ಎಲ್ಲೇ ನಿಂತರೂ ರೈಲಿನ ವೇಗ ತಿಳಿಯಲು ದೂರ ಅಳೆಯಬೇಕು. ಇಲ್ಲಿ ಯಾರೋ ಆಗಲೇ ಅಳೆದು ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದಾರೆ.

ಹಳಿಗೆ ಸಮಾನಾಂತರವಾಗಿರುವ, ನೇರವಾದ ಹೋಲ್ ಆರಿಸಿ. ಮಧ್ಯದಲ್ಲಿ ತಿರುಗುವ ಹೋಲ್ ಬೇಡ. ಅದರ ಉದ್ದವನ್ನು ತಿರುವಿನ ಮೂಲಕ ಅಳೆದಿರುತ್ತಾರೆ. ನೀವು ಯಾವ ಬಣ್ಣದ ಟೀಯಿಂದ ಆಡುತ್ತಿದ್ದೀರೋ ಅದರ ಅಂಕಿ ತೆಗೆದುಕೊಳ್ಳಿ. ಗಜದಲ್ಲಿದ್ದರೆ 0.9144ರಿಂದ ಗುಣಿಸಿ ಮೀಟರ್ ಮಾಡಿ.

ಟೀಯಲ್ಲಿ ನಿಂತಾಗ ಅದರ ನೇರಕ್ಕೆ ಹಳಿ ಪಕ್ಕ ಯಾವ ಕಂಬ, ಯಾವ ಮರ ಇದೆ ಎಂದು ನೆನಪಿಟ್ಟುಕೊಳ್ಳಿ. ಆಟ ಮುಗಿಸಿ ಗ್ರೀನ್ ಬಿಟ್ಟು ಹೊರಡುವಾಗ ಗ್ರೀನ್‌ನ ನೇರದ ಗುರುತನ್ನೂ ಹಿಡಿಯಿರಿ. ಈಗ ರೈಲು ಬರಲಿ. ಎಂಜಿನ್ನಿನ ಮೂತಿ ಮೊದಲ ಗುರುತು ದಾಟಿದಾಗ ಗಡಿಯಾರ ಶುರು, ಎರಡನೆಯದು ದಾಟಿದಾಗ ನಿಲ್ಲಿಸಿ. ಟೀಯಲ್ಲಿ ನಿಂತು ಇದನ್ನು ಮಾಡಲು ಹೋಗಬೇಡಿ. ಅಲ್ಲಿಂದ ಗ್ರೀನ್ ಕಡೆ ಓರೆಯಾಗಿ ನೋಡಬೇಕು. ಗುರುತು ಗೊತ್ತಿಲ್ಲದಿದ್ದರೆ ರೈಲು ಯಾವಾಗ ಗ್ರೀನ್ ದಾಟಿತು ಎಂದು ಹೇಳುವುದು ಕಷ್ಟ.

ಉದಾಹರಣೆಗೆ 400 ಗಜದ ಹೋಲ್. ಅಂದರೆ 366 ಮೀಟರ್. ರೈಲು 13 ಸೆಕೆಂಡು ತೆಗೆದುಕೊಂಡಿತು. 366 ಭಾಗಿಸು 13, ಸೆಕೆಂಡಿಗೆ ಸುಮಾರು 28 ಮೀಟರ್. 3.6ರಿಂದ ಗುಣಿಸಿದರೆ ಗಂಟೆಗೆ 101 ಕಿ.ಮೀ. ಈಗ ಅದೇ ರೈಲು ಒಂದು ಕಂಬ ದಾಟಲು ಎಷ್ಟು ಹೊತ್ತು ಹಿಡಿಯಿತು ನೋಡಿ. 7 ಸೆಕೆಂಡಾದರೆ ಉದ್ದ 196 ಮೀಟರ್. ಬೋಗಿ ಎಣಿಸಿದಾಗ 8 ಬಂದರೆ ಒಂದೊಂದೂ 24 ಮೀಟರ್ ಚಿಲ್ಲರೆ. ಪ್ರಯಾಣಿಕರ ಬೋಗಿ ಸಾಮಾನ್ಯವಾಗಿ 20ರಿಂದ 26 ಮೀಟರ್ ಇರುವುದರಿಂದ ನಿಮ್ಮ ಲೆಕ್ಕ ಸರಿ ಇದೆ. 40 ಮೀಟರ್ ಬಂದರೆ ಎಲ್ಲೋ ಎಡವಟ್ಟಾಗಿದೆ.

ಉದ್ದ ಹೋಲ್ ಸಿಕ್ಕಷ್ಟೂ ಒಳ್ಳೆಯದು. 366 ಮೀಟರಿನಲ್ಲಿ ಒಂದು ಸೆಕೆಂಡು ಹೆಚ್ಚುಕಮ್ಮಿಯಾದರೆ ಶೇ. 8ರಷ್ಟು ತಪ್ಪು. 150 ಮೀಟರಿನ ಪಾರ್ 3ರಲ್ಲಿ ಅದೇ ಒಂದು ಸೆಕೆಂಡು ಶೇ. 19ರಷ್ಟಾಗುತ್ತದೆ. ಕಾಯಲು ಪಾರ್ 3, ಅಳೆಯಲು ಪಾರ್ 5.

ಹಂತ 8: ಫೋಟೊ

ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬೇಕು. ಮೈದಾನ ಹಳಿಯ ಪಶ್ಚಿಮಕ್ಕಿದ್ದರೆ ಸಂಜೆ, ಪೂರ್ವಕ್ಕಿದ್ದರೆ ಬೆಳಿಗ್ಗೆ. ಪ್ರೆಸ್ಟ್‌ವಿಕ್, ಟ್ರೂನ್ ಎರಡರಲ್ಲೂ ಸಮುದ್ರ ಪಶ್ಚಿಮಕ್ಕೆ, ಹಳಿ ಪೂರ್ವಕ್ಕೆ. ಹಾಗಾಗಿ ಸಂಜೆ ಬೆಳಕು ರೈಲಿನ ಮೈಮೇಲೆ ಬೀಳುತ್ತದೆ. ಸ್ಕಾಟ್ಲೆಂಡಿನದೇ ಕಾರ್ನೂಸ್ಟಿಯಲ್ಲಿ ಹಳಿ ಮೈದಾನದ ಉತ್ತರಕ್ಕಿದೆ. ಅಲ್ಲಿ ಮಧ್ಯಾಹ್ನವೂ ಸರಿಯೇ. ದಕ್ಷಿಣ ಗೋಳಾರ್ಧದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ಲೆಕ್ಕ ತಿರುಗಿಸಿ.

ರೈಲು ಸ್ಪಷ್ಟವಾಗಿ ಬರಬೇಕೆಂದರೆ ಶಟರ್ 1/1000 ಸೆಕೆಂಡು. ಹಿನ್ನೆಲೆ ಹರಿದಂತೆ ಕಾಣಬೇಕೆಂದರೆ 1/60 ಇಟ್ಟು ಕ್ಯಾಮೆರಾವನ್ನು ರೈಲಿನ ಜೊತೆ ತಿರುಗಿಸಿ. ಚೌಕಟ್ಟಿನಲ್ಲಿ ಬಾವುಟ ಇರಲಿ. ಬಾವುಟ ಇಲ್ಲದ ಫೋಟೊ ಯಾವ ಹೊಲದಲ್ಲೂ ತೆಗೆಯಬಹುದು. ಫ್ಲ್ಯಾಶ್ ಬೇಡವೇ ಬೇಡ, ಚಾಲಕನ ಕಣ್ಣಿಗೆ ಹೊಡೆಯುತ್ತದೆ.

ಹಂತ 9: ಜೊತೆ ಆಡುವವರ ತಾಳ್ಮೆ

ಗಾಲ್ಫ್ ನಿಯಮ ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎನ್ನುತ್ತದೆ. ಒಂದೂವರೆ ಕಿ.ಮೀ. ಉದ್ದದ ಗೂಡ್ಸ್ ರೈಲು ಗಂಟೆಗೆ 60 ಕಿ.ಮೀ. ವೇಗದಲ್ಲಿ ದಾಟಲು 90 ಸೆಕೆಂಡು ಬೇಕು. ಎರಡೂ ಒಟ್ಟಿಗೆ ಆಗುವ ಮಾತಲ್ಲ. ನಿಮ್ಮ ಸರದಿ ಬಂದರೆ ಹೊಡೆಯಿರಿ, ಇಲ್ಲವೇ ಹಿಂದಿನ ಗುಂಪನ್ನು ಮುಂದೆ ಬಿಡಿ. ಆಮೇಲೆ ನೆಮ್ಮದಿಯಾಗಿ ವ್ಯಾಗನ್ ಎಣಿಸಿ. ಪಕ್ಕದವರು ಕೋಲು ಎತ್ತಿದಾಗ "ಬಂತು ಬಂತು!" ಅಂತ ಕೂಗಿದರೆ ಮುಂದಿನ ಸಲ ನಿಮ್ಮನ್ನು ಕರೆಯುವುದಿಲ್ಲ.

ಎಲ್ಲರೂ ಇಂಗ್ಲೆಂಡಿನ ಗಾಲ್ಫ್ ಆಟಗಾರ್ತಿ ಜಾಯ್ಸ್ ವೆದರ್ಡ್ ಆಗಿರುವುದಿಲ್ಲ. 1920ರಲ್ಲಿ ಶೆರಿಂಗಮ್‌ನಲ್ಲಿ ಇಂಗ್ಲಿಷ್ ಮಹಿಳಾ ಚಾಂಪಿಯನ್‌ಶಿಪ್ ಫೈನಲ್. ಆಕೆಗೆ 18 ವರ್ಷ, ಎದುರಾಳಿ ಆ ಕಾಲದ ದೊಡ್ಡ ಆಟಗಾರ್ತಿ ಸೆಸಿಲ್ ಲೀಚ್. 17ನೇ ಗ್ರೀನ್‌ನಲ್ಲಿ ಪಟ್ (ಚೆಂಡನ್ನು ಮೆಲ್ಲನೆ ಉರುಳಿಸುವ ಹೊಡೆತ) ಹೊಡೆಯುವಾಗ ಪಕ್ಕದಲ್ಲೇ ರೈಲು ಹೋಯಿತು. ಆಕೆ ಚೆಂಡನ್ನು ಗುಳಿಯೊಳಗೆ ಹಾಕಿ ಗೆದ್ದರು. ರೈಲಿನಿಂದ ತೊಂದರೆಯಾಗಲಿಲ್ಲವೇ ಎಂದು ಆಮೇಲೆ ಕೇಳಿದ್ದಕ್ಕೆ "ಯಾವ ರೈಲು?" ಎಂದರಂತೆ. ನಮ್ಮಂಥವರಿಗೆ ಅರ್ಥವೇ ಆಗದ ಮಾತು, ಅಲ್ವಾ? ಆ ಹಳಿಯ ಮೇಲೆ ಈಗಲೂ ರೈಲು ಓಡುತ್ತದೆ. ನಾರ್ತ್ ನಾರ್ಫೋಕ್ ರೈಲ್ವೆ ಎಂಬ ಪಾರಂಪರಿಕ ಮಾರ್ಗವಾಗಿ ಅದು ಶೆರಿಂಗಮ್‌ನಿಂದ ಹೋಲ್ಟ್‌ಗೆ ಉಗಿಬಂಡಿ ಓಡಿಸುತ್ತದೆ. ಗಾಲ್ಫ್ ಮೈದಾನದಿಂದ ಉಗಿ ಎಂಜಿನ್ ನೋಡಬೇಕೆಂದರೆ ನಾನು ಮೊದಲು ಹೇಳುವ ಹೆಸರು ಇದೇ.

ಹಂತ 10: ಬೇಲಿ

ಬೇಲಿ ದಾಟಬೇಡಿ. ಚೆಂಡಿಗಾಗಿಯೂ ಬೇಡ, ಫೋಟೊಗಾಗಿಯೂ ಬೇಡ. ಗಾಲ್ಫ್ ನಿಯಮದಲ್ಲೂ ಹಳಿ ಸಾಮಾನ್ಯವಾಗಿ ಮೈದಾನದ ಹೊರಗಿನ ಜಾಗ. ಚೆಂಡು ಅಲ್ಲಿಗೆ ಹೋದರೆ ಒಂದು ಹೊಡೆತದ ದಂಡ, ಮೊದಲಿದ್ದ ಜಾಗದಿಂದ ಮತ್ತೆ ಹೊಡೆಯಬೇಕು. ಹುಡುಕಿ ತಂದರೂ ಪ್ರಯೋಜನವಿಲ್ಲ. ಸೌತ್‌ಪೋರ್ಟ್ ಮಾರ್ಗದಲ್ಲಿ ನೆಲದ ಮಟ್ಟದಲ್ಲೇ, ರೈಲಿಗೆ ವಿದ್ಯುತ್ ಕೊಡುವ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿಸಿ ಹರಿಯುತ್ತದೆ. ನೋಡಲು ಅದು ಸುಮ್ಮನೆ ಬಿದ್ದಿರುವ ಕಬ್ಬಿಣದ ಹಾಗೇ ಇರುತ್ತದೆ. ಪ್ರೆಸ್ಟ್‌ವಿಕ್, ಟ್ರೂನ್ ಮಾರ್ಗದಲ್ಲಿ ತಲೆ ಮೇಲಿನ ತಂತಿಯಲ್ಲಿ 25,000 ವೋಲ್ಟ್. ಗೋಡೆ ಮೇಲೆ ಹತ್ತಿ ಲೋಹದ ಕೋಲು ಎತ್ತುವ ಸಾಹಸ ಬೇಡ.

ರೈಲು ದಾಟುವಾಗ ಅದರ ಕಡೆಗೆ ಚೆಂಡು ಹೋಗುವ ಸಾಧ್ಯತೆ ಇದ್ದರೆ ಹೊಡೆಯಬೇಡಿ. ಅಷ್ಟು ಹೊತ್ತು ಕಾದರೆ ಯಾರೂ ತಪ್ಪು ತಿಳಿಯುವುದಿಲ್ಲ. ಚೆಂಡು ರೈಲಿಗೆ ಬಡಿದೇ ಬಿಟ್ಟರೆ ಕ್ಲಬ್‌ಗೆ ತಕ್ಷಣ ಹೇಳಿ. ಅವರು ರೈಲ್ವೆಗೆ ತಿಳಿಸುತ್ತಾರೆ.

ಹಳಿ ಮೈದಾನದ ಮಧ್ಯದಲ್ಲೇ ಹಾದುಹೋಗುವ ಕಡೆಗಳೂ ಇವೆ. ಆಸ್ಟ್ರೇಲಿಯಾದ ರಾಯಲ್ ಅಡಿಲೇಡ್‌ನಲ್ಲಿ ಗ್ರೇಂಜ್‌ಗೆ ಹೋಗುವ ರೈಲು ಮೈದಾನವನ್ನೇ ಸೀಳಿಕೊಂಡು ಹೋಗುತ್ತದೆ. ಅಂಥ ಕಡೆ ಗುರುತಿಸಿದ ಜಾಗದಲ್ಲಿ ಮಾತ್ರ ದಾಟಿ. ಒಂದು ರೈಲು ಹೋದ ಮೇಲೆ ಪಕ್ಕದ ಹಳಿಯಲ್ಲಿ ಇನ್ನೊಂದು ಬರುತ್ತಿದೆಯೇ ನೋಡಿ. ಬ್ಯಾಟರಿ ಗಾಡಿ ಕ್ರಾಸಿಂಗ್ ಮೇಲೆ ಕೆಟ್ಟು ನಿಂತರೆ ತಳ್ಳುತ್ತಾ ಕೂರಬೇಡಿ. ಇಳಿದು ದೂರ ಹೋಗಿ, ನಂತರ ಫೋನ್ ಮಾಡಿ. ಅಮೆರಿಕದಲ್ಲಿ ಪ್ರತಿ ಕ್ರಾಸಿಂಗ್‌ನಲ್ಲೂ ನೀಲಿ ಫಲಕದಲ್ಲಿ ತುರ್ತು ಫೋನ್ ನಂಬರ್ ಮತ್ತು ಆ ಕ್ರಾಸಿಂಗಿನ ಗುರುತು ಸಂಖ್ಯೆ ಬರೆದಿರುತ್ತಾರೆ. ಮೊದಲ ಸಲ ದಾಟುವಾಗಲೇ ಅದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.